ಸುಣ್ಣದ ಕಲ್ಲಿನ ಈಚೆ

ಬೇವೂರಿನ ದಾರಿಯಲ್ಲಿ ಕುರಿಹಿಂಡು ಅಡ್ಡವಾಗಿ ನಮ್ಮ ಗಾಡಿ ನಿಂತಿತು. ಪಕ್ಕದಲ್ಲೇ ಊರಿನ ದನಕುರಿ ಮೇಯುವ ಗಾಯರಾಣ, ಮೊಣಕಾಲುದ್ದ ಹುಲ್ಲು. ಸರ್ಕಾರ ಸುತ್ತಲೂ ಸುಣ್ಣ ಬಳಿದ ಕಲ್ಲು ನೆಟ್ಟು ಮೇಯಿಸುವುದನ್ನು ನಿಲ್ಲಿಸಿತ್ತು. ಊರವರು ವರ್ಷಗಟ್ಟಲೆ ಜಗಳಾಡಿ ಈ ವಾರವಷ್ಟೇ ಬಿಡಿಸಿಕೊಂಡಿದ್ದರು. ಆದರೂ ಕುರಿಗಳು ಬಿಳಿ ಕಲ್ಲಿನವರೆಗೆ ಹೋಗಿ ತಾವಾಗಿಯೇ ತಿರುಗುತ್ತಿದ್ದವು.

“ದಂಡ ಬೀಳಬಾರದಂತ, ಕಲ್ಲು ಬಂದ ಕೂಡ್ಲೆ ಕುರಿ ಮಾರಿ ಮುಂದ ಕಂಬಳಿ ಬೀಸಿ ಹಿಂದ ತಿರುಗೋದು ನಾವ ಕಲಿಸೀವ್ರಿ,” ಎಂದ ಕುರುಬ. “ಈ ಹುಲ್ಲಿನ ಸಲುವಾಗಿ ನಮ್ಮಣ್ಣ ಇನ್ನೂ ಜೇಲಿನಾಗ ಅದಾನ.”

ಹೆಗಲ ಕಂಬಳಿಯನ್ನು ನಮ್ಮ ಗಾಡಿಯೊಳಗೆ ಹಾಕಿದ. “ಬೇವೂರಾಗ ನಮ್ಮ ಮನಿಗೆ ಮುಟ್ಟಿಸ್ರಿ. ಇದನ್ನ ಕಂಡ್ರ ಕುರಿ ಅಂಜತಾವು.”

ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆ. ಅವನು ಹುಲ್ಲಿನ ನಡುವೆ ನಿಂತು ಕರೆಯುತ್ತಿದ್ದ. ಕುರಿಗಳು ಕಲ್ಲಿನ ಈಚೆ ನಿಂತು ಅವನನ್ನೇ ನೋಡುತ್ತಿದ್ದವು.