ದನದ ಹಗ್ಗ, ಬೈಕಿನ ಕೀ

ಹೆಮ್ಮಾಡಿಯ ಸೋಮ ಗಿಡ್ಡ ಆಳು. ಅವನು ತಂದ ಬೈಕು ಎತ್ತರ. ಮೇಲೆ ಕೂತರೆ ಎರಡು ಕಾಲೂ ನೆಲಕ್ಕೆ ಎಟುಕುತ್ತಿರಲಿಲ್ಲ. ಒಂದು ಬದಿಗೆ ವಾಲಿ ಹೆಬ್ಬೆರಳು ಊರಬೇಕು. ಊರವರು ನಗಾಡಿದರು. ಅವನ ಹೆಂಡತಿ ಗುಲಾಬಿಯೂ ನಕ್ಕಳು.

ಸೋಮ ಮೀನು ಮಾರುವವ. ತೊಂಬತ್ತೇಳರಲ್ಲಿ, ಮದುವೆಯಾದ ವರ್ಷ, ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿ ಶುರು ಮಾಡಿದ್ದು. ಬೆಳಿಗ್ಗೆ ಗಂಗೊಳ್ಳಿ ಬಂದರಿಗೆ ಹೋಗಿ ಬಂಗುಡೆಯೋ ಬೂತಾಯಿಯೋ ಸಿಕ್ಕಿದ್ದನ್ನು ತುಂಬಿಕೊಂಡು ವಂಡ್ಸೆ, ಚಿತ್ತೂರು, ಜಡ್ಕಲ್ ಅಂತ ಒಳಗೆ ಒಳಗೆ ಹೋಗುತ್ತಿದ್ದ. ಅದು ಅವನ ಲೈನು. ಒಬ್ಬನ ಲೈನಿಗೆ ಇನ್ನೊಬ್ಬ ಮೀನಿನವ ಕಾಲಿಡುವುದಿಲ್ಲ. ಸೈಕಲ್ಲಿನ ನಂತರ ಮೊಪೆಡ್ ಬಂತು. ಅದು ಡಾಂಬರಿನಲ್ಲಿ ಓಡಿತು. ಜಡ್ಕಲ್ ಆಚೆ ಮುದೂರಿನಿಂದ ಮೇಲೆ ಮಣ್ಣಿನ ದಾರಿ. ಮಳೆಗಾಲದಲ್ಲಿ ಮೊಪೆಡ್ ಕೆಸರಿನಲ್ಲಿ ಎಮ್ಮೆಯ ಹಾಗೆ ಕೂತುಬಿಡುತ್ತಿತ್ತು. ಸೋಮ ಮೀನಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದ. ಐಸಿನ ನೀರು ಬೆನ್ನ ಮೇಲೆ ಇಳಿಯುತ್ತಿತ್ತು. ಮನೆಗೆ ಬಂದರೆ ರಾತ್ರಿಯೆಲ್ಲ ಕೆಮ್ಮು.

ಎರಡು ಸಾವಿರದ ಹದಿನಾಲ್ಕರಲ್ಲಿ ಯಾರೋ ಹೇಳಿದರು, ಬಾರ್ಕೂರಿನಲ್ಲಿ ಒಂದು ಇಂಪಲ್ಸ್ ಬೈಕು ಮಾರಾಟಕ್ಕಿದೆ, ಗುಡ್ಡ ಹತ್ತುವ ಬೈಕು, ಹೊಸದರ ಹಾಗೇ ಇದೆ ಎಂದು. ಒಂದು ಸೋಮವಾರ ಗಂಡ ಹೆಂಡತಿ ಹೊರಟರು. ಸೋಮವಾರ ಹೆಚ್ಚಿನ ಮನೆಯವರು ಮೀನು ತಿನ್ನುವುದಿಲ್ಲ, ಸೋಮನಿಗೂ ರಜೆ. ಕುಂಭಾಶಿಯಲ್ಲಿ ಇಳಿದು ಆನೆಗುಡ್ಡೆಯಲ್ಲಿ ಕೈಮುಗಿದು ಮತ್ತೆ ಬಸ್ಸು ಹಿಡಿದರು.

ಬೈಕಿದ್ದದ್ದು ಸರೋಜಮ್ಮನ ಮನೆಯಲ್ಲಿ. ಚೂರು ಗದ್ದೆ, ನಾಲ್ಕು ತೆಂಗು, ಹಟ್ಟಿಯಲ್ಲಿ ಒಂದು ದನ. ದನದ ಪಕ್ಕದಲ್ಲೇ ಬೈಕು. ಮೇಲೆ ಹಳೇ ಸೀರೆ ಹೊದೆಸಿತ್ತು. ಸರೋಜಮ್ಮನೇ ಸೀರೆ ಎಳೆದರು. ಮುಂದಿನ ಮಡ್‌ಗಾರ್ಡು ಚಕ್ರಕ್ಕೆ ಅಂಟಿಕೊಂಡಿರಲಿಲ್ಲ, ಮೇಲೆ ಕೊಕ್ಕಿನ ಹಾಗೆ ನಿಂತಿತ್ತು. ಟೈರಿಗೆ ದಪ್ಪ ದಪ್ಪ ಹಲ್ಲು. ಸೋಮ ಹಿಂದಿನಿಂದ ಎತ್ತಿ ನೋಡಿದ. ಎದ್ದಿತು.

"ಹಗೂರ ಇತ್ ಕಾಣ್" ಅಂದ ಗುಲಾಬಿಗೆ.

"ನಿಮ್ಮ ಕಾಲ್ ಎಲ್ಲಿತ್ತ್, ನೆಲ ಎಲ್ಲಿತ್ತ್? ಏಣಿ ತಕಂಡ್ ಹೋಯ್ಕಾ?" ಅಂದಳು ಗುಲಾಬಿ.

ಬೈಕು ಸರೋಜಮ್ಮನ ಮಗ ಶೈಲೇಶನದ್ದು. ಹೊಳೆಯಲ್ಲಿ ಮರಳು ತೆಗೆಯುವ ದೋಣಿಗೆ ಹೋಗುತ್ತಿದ್ದ. ವರ್ಷದ ಹಿಂದೆ ದೋಣಿಯಿಂದ ಬಿದ್ದವ ಮೇಲೆ ಬರಲಿಲ್ಲ. ಸರೋಜಮ್ಮ ಅದನ್ನು ಮುಚ್ಚಿಡಲಿಲ್ಲ.

"ಬೈಕಿಂದ ಸತ್ತದ್ದಲ್ಲ, ನೀರಿಂದ ಸತ್ತದ್ದ್. ಸತ್ತವ್ನ ಬೈಕ್ ಆತಿಲ್ಲೆ ಅಂದ್ರೆ ಈಗ್ಲೇ ಹೋಯ್ನಿ. ನಾಕ್ ಜನ ಹಾಂಗೇ ಹೋಯಿದ್ರ್."

ಸೋಮ ಗುಲಾಬಿಯ ಮುಖ ನೋಡಿದ. ಗುಲಾಬಿ ದನದ ಮುಖ ನೋಡಿದಳು. ತಲೆಯ ಮೇಲೆ ಪೆಟ್ಟಿಗೆ ಹೊತ್ತ ಗಂಡನ ಕೆಮ್ಮು ನೆನಪಾಯಿತು. "ಇರ್ಲಿ, ತಕಣಿ" ಅಂದಳು.

ಬ್ಯಾಟರಿ ಸತ್ತಿತ್ತು. ಸೋಮ ಕಿಕ್ ಹೊಡೆದ. ಹೊಡೆದ, ಹೊಡೆದ, ಬೆವರು ಇಳಿಯಿತು. ದನ ಹೆದರಿ ಮೂಲೆಗೆ ಹೋಯಿತು. ಕೊನೆಗೆ ಒಮ್ಮೆ ಕೆಮ್ಮಿ ಹೊಗೆ ಬಿಟ್ಟು ಬೈಕು ಶುರುವಾಯಿತು. ಆ ಶಬ್ದಕ್ಕೆ ಸರೋಜಮ್ಮ ನಿಂತಲ್ಲೇ ಹಟ್ಟಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಾಯಿಗೆ ಸೆರಗು ಇಟ್ಟುಕೊಂಡರು. ಸೋಮ ನಿಲ್ಲಿಸಲು ಹೋದ. "ನಿಲ್ಸ್‌ಬ್ಯಾಡ" ಅಂದರು.

ದುಡ್ಡು ಕೊಟ್ಟಾಯಿತು, ಕಾಗದ ತೆಗೆದುಕೊಂಡಾಯಿತು. ಹೊರಡುವಾಗ ಸರೋಜಮ್ಮ ಬೈಕಿನಿಂದ ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿದರು.

"ಕೀ ಕೊಡುದಿಲ್ಲೆ."

ಸೋಮನಿಗೆ ಏನೂ ತಿಳಿಯಲಿಲ್ಲ. "ಕೀ ಇಲ್ದೆ ಬಿಡೂದ್ ಹ್ಯಾಂಗ್ ಅಮ್ಮಾ?"

"ದನ ಮಾರಿದ್ರೆ ಹಗ್ಗ ಕೊಡ್ತ್ರಾ? ದನ ಕೊಡೂದ್, ಹಗ್ಗ ಮನೆಯಲ್ಲೇ ಇಡೂದ್. ಹಗ್ಗವೂ ಹೋದ್ರೆ ಹಟ್ಟಿ ಬರಿದಾತ್ತ್."

"ಅಮ್ಮಾ, ಇದ್ಕ್ ಕೊಂಬಿಲ್ಲೆ, ಇದ್ ಹಾಲೂ ಕೊಡುದಿಲ್ಲೆ."

"ಒಂದ್ ವರ್ಷ ಹಟ್ಟಿಲೇ ಇತ್ತಲೆ? ಮತ್ತೆಂತ?"

ಇನ್ನೊಂದು ಕೀ ಇಲ್ಲವಾ ಎಂದು ಗುಲಾಬಿ ಕೇಳಿದಳು. ಅದು ಶೈಲೇಶನ ಜೇಬಿನಲ್ಲಿತ್ತು, ಹೊಳೆಗೆ ಹೋಯಿತು ಎಂದರು. 

ಕಡೆಗೆ ಸೋಮನೇ ದಾರಿ ಹುಡುಕಿದ. ಒಂದು ಗಂಟೆ ಕೀ ಕೊಡಿ, ಬ್ರಹ್ಮಾವರಕ್ಕೆ ಹೋಗಿ ಅದರ ಹಾಗೇ ಇನ್ನೊಂದು ಮಾಡಿಸಿ ತರುತ್ತೇನೆ ಎಂದ.

"ನೀ ವಾಪಾಸ್ ಬತ್ತೆ ಅಂದೇಳಿ ಎಂತ ನಂಬಿಕೆ?"

"ಹೆಂಡ್ತಿನ್ನ ಇಲ್ಲೇ ಬಿಟ್ಟ್ ಹೋತೆ."

"ಹೆಂಡ್ತಿನ್ನ ಬಿಟ್ಟ್ ಹೋದ್ ಗಂಡ್ಸ್ರನ್ನೂ ಕಂಡಿದೆ" ಅಂದರು ಸರೋಜಮ್ಮ. ಆದರೂ ಕೀ ಕೊಟ್ಟರು.

ಹಾಗೆ ಗುಲಾಬಿ ಬೈಕಿಗೆ ಅಡವಾಗಿ ಒಂದು ಗಂಟೆ ಆ ಜಗಲಿಯಲ್ಲಿ ಕೂತಳು. ಬೆಲ್ಲದ ಚಾ ಕುಡಿದಳು. ಸೋಮ ಹೇಳಿದ ಹಾಗೇ ಬಂದ. ಹೊಸ ಕೀ ಅವನ ಜೇಬಿಗೆ ಹೋಯಿತು, ಹಳೆಯದು ಅಡುಗೆಮನೆ ಬಾಗಿಲ ಮೊಳೆಗೆ. ಸರೋಜಮ್ಮ ಒಂದೇ ಮಾತು ಕೇಳಿದರು. "ತಿಂಗ್ಳಿಗ್ ಒಂದ್ ಸಲ ಈ ಬದಿಗ್ ತಾ ಮಗಾ. ಶಬ್ದ ಕೇಂಡ್ರೆ ಸಾಕ್."

"ಆಯ್ತ್ ಅಮ್ಮಾ" ಅಂದ ಸೋಮ.

ಅವನು ಆಯ್ತು ಅಂದರೆ ಆಯ್ತೇ. ಸೀಟಿನ ಸ್ಪಂಜು ಕೊಯ್ಯಿಸಿ ಎರಡು ಬೆರಳು ತಗ್ಗು ಮಾಡಿಸಿದ. ಆದರೂ ಹೆಬ್ಬೆರಳೇ ಊರಬೇಕು. ಹಿಂದೆ ಪೆಟ್ಟಿಗೆ ಕಟ್ಟಿ ಮುದೂರಿನ ಗುಡ್ಡವನ್ನು ಆಡಿನ ಹಾಗೆ ಹತ್ತಿದ. ಕೆಮ್ಮು ನಿಂತಿತು. ಪ್ರತಿ ತಿಂಗಳ ಮೊದಲ ಸೋಮವಾರ ಬೈಕು ತೊಳೆದು, ಮೀನಿನ ಪೆಟ್ಟಿಗೆ ಬಿಚ್ಚಿಟ್ಟು ಬಾರ್ಕೂರಿಗೆ ಹೋಗುತ್ತಿದ್ದ. ಅಂಗಳದಲ್ಲಿ ಸ್ವಲ್ಪ ಹೊತ್ತು ಬೈಕು ಶುರು ಮಾಡಿಟ್ಟು, ಚಾ ಕುಡಿದು ಬರುತ್ತಿದ್ದ. ಬರುವಾಗ ಒಂದು ತೆಂಗಿನಕಾಯಿಯೋ ನಾಲ್ಕು ಬಸಳೆ ದಂಟೋ ತರುತ್ತಿದ್ದ.

ಎರಡು ವರ್ಷದ ಮೇಲಾಯಿತು. ಗುಲಾಬಿ ಬಂದರಿನಲ್ಲಿ ಮೀನು ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿನ ಹೆಂಗಸರ ಬಾಯಿಗೆ ಬಾಗಿಲಿಲ್ಲ.

"ಹ್ವಾಯ್ ಗುಲಾಬಿ, ನಿನ್ನ ಗಂಡ ಬಾರ್ಕೂರಲ್ಲಿ ಹೊಸ ಅಮ್ಮನ್ನ ಮಾಡ್ಕಂಡಿದ್ನಂಬ್ರಲೆ? ಕಾಣ್, ನಾಳೆ ಅಲ್ಲೇ ಉಂಡ್ಕಂಡ್ ಉಳಿತ."

ಅವರು ನಕ್ಕು ಮರೆತರು. ಗುಲಾಬಿ ಮನೆಗೆ ಹೊತ್ತು ತಂದಳು. ಆ ತಿಂಗಳು ಮಗಳು ದೀಕ್ಷಾಳ ಶಾಲೆಯ ಖರ್ಚು ಬೇರೆ ತಲೆ ತಿನ್ನುತ್ತಿತ್ತು. ಸೋಮ ಬೈಕು ತೊಳೆಯುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಕೇಳಿದಳು.

"ಪೆಟ್ರೋಲ್ ಎಂತ ಹೊಳೆಯಲ್ಲಿ ತೇಲಿ ಬತ್ತಾ? ಬೈಕಿನ ಶಬ್ದ ಕೇಂಡ್ ಸತ್ತವ ಎದ್ದ್ ಬತ್ನಾ?"

ಸೋಮ ಬಾಲ್ದಿಯ ನೀರು ಚೆಲ್ಲಿದ. ಬೈಕಿಗೆ ಸ್ಟ್ಯಾಂಡ್ ಹಾಕಿದ. ಅಂದು ಹೋಗಲಿಲ್ಲ. ಮುಂದಿನ ತಿಂಗಳೂ ಹೋಗಲಿಲ್ಲ. ಗುಲಾಬಿ ಹೋಗಬೇಡಿ ಎಂದಿರಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ.

ಹದಿನೇಳನೇ ಇಸವಿಯ ಮಳೆಗಾಲ. ಸೋಮನ ಹಿಮ್ಮಡಿಯಲ್ಲಿ ಬಿರುಕು. ದಿನಾ ಕೆಸರು ನೀರು ತುಳಿಯುವ ಕಾಲು. ಜ್ವರ ಬಂತು. ಎರಡು ದಿನ ಮಾತ್ರೆ ನುಂಗಿ ಲೈನಿಗೆ ಹೋದ. ಮೂರನೇ ದಿನ ಬೈಕಿನ ಹ್ಯಾಂಡಲ್ ಲಾಕ್ ಮಾಡಿ, ಕೀಯನ್ನು ಅಂಗಿ ಜೇಬಿಗೆ ಹಾಕಿಕೊಂಡು ಒಳಗೆ ಬಂದು ಮಲಗಿದ. ಕಣ್ಣು ಹಳದಿಯಾಗಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಇಲಿಜ್ವರ ಅಂದರು. ತಡವಾಗಿದೆ ಎಂದೂ ಅಂದರು. ಐದನೇ ದಿನ ಹೋದ.

ಅವನು ಉಟ್ಟ ಬಟ್ಟೆಯನ್ನು ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟರು. ಸತ್ತವರು ಕಡೆಗೆ ಉಟ್ಟ ಬಟ್ಟೆ ಮನೆಯಲ್ಲಿ ಇಡಬಾರದು ಎನ್ನುತ್ತಾರೆ. ಬೂದಿ ಬಿಡುವ ದಿನ ಗುಲಾಬಿ ಆ ಚೀಲವನ್ನೂ ಹೊಳೆಗೆ ಹಾಕಿದಳು. ಗಂಟು ಬಿಚ್ಚಲಿಲ್ಲ. ಬಿಚ್ಚುವ ಧೈರ್ಯ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಪಾಂಡು ಬಂದ. ಸೋಮನ ದೂರದ ತಮ್ಮ, ಅವನೂ ಮೀನಿನವನೇ. ಲೈನು ಮೂರು ತಿಂಗಳಿಂದ ಖಾಲಿ ಇತ್ತು. ಒಳ್ಳೆಯ ಹುಡುಗ, ಬಾಯಿ ಮಾತ್ರ ಜೋರು.

"ಅತ್ಗೆ, ಲೈನ್ ನಾ ಹಿಡಿತೆ. ಬೈಕೂ ನಾನೇ ತಕಂತೆ. ಮಾಡಿನ್ ಅಡಿಯಲ್ಲಿ ಮಣ್ಣ್ ತಿಂಬುಕ್ ಬಿಟ್ಟ್ರೆ ಎಂತ ಸಿಕ್ತ್ ನಿಮ್ಗೆ? ಕೀ ಕೊಡಿ."

ಗುಲಾಬಿ ಮೊಳೆ ನೋಡಿದಳು, ಡಬ್ಬಿ ನೋಡಿದಳು, ದೇವರ ಹಲಗೆ ನೋಡಿದಳು. ಆಗ ಆ ಚೀಲ ಕಣ್ಣ ಮುಂದೆ ಬಂತು. ಗಂಟು ಬಿಚ್ಚದ ಚೀಲ. ಹೊಳೆಯಲ್ಲಿ ತಿರುಗಿ ತಿರುಗಿ ಮುಳುಗಿದ ಚೀಲ. ಅವಳು ಅಲ್ಲೇ ಕೂತಳು.

"ಹೋಯ್ಲಿ ಬಿಡಿ, ಲಾಕ್ ಒಡ್ದ್ ಹೊಸ್ತ್ ಹಾಕ್ಸ್ತೆ" ಅಂದ ಪಾಂಡು.

"ಒಡ್ಯೂದ್ ಬ್ಯಾಡ. ಕೀ ಇನ್ನೊಂದ್ ಇತ್. ನಾಳೆ ತತ್ತೆ."

ಇದ್ದದ್ದು ಬಾರ್ಕೂರಿನ ಮೊಳೆಯಲ್ಲಿ. ಒಡೆದಿದ್ದರೆ ಕೆಲಸ ಸುಲಭ. ಆದರೆ ಆ ಬೈಕು ಸೋಮನದ್ದು, ಅದಕ್ಕೆ ಸುತ್ತಿಗೆ ಬೀಳುವುದನ್ನು ನೋಡಲಾರಳು. ಕೀ ಬೇಕಾದರೆ ಆ ಜಗಲಿ ಹತ್ತಬೇಕು. ಯಾವ ಬಾಯಲ್ಲಿ ಕೇಳುವುದು? ರಾತ್ರಿಯೆಲ್ಲ ಅವಳಿಗೆ ಅದೇ.

ಬೆಳಿಗ್ಗೆ ಬಸ್ಸು ಹತ್ತಿದಳು. ಬ್ರಹ್ಮಾವರದಲ್ಲಿ ಇಳಿದು ಬಾರ್ಕೂರಿನ ಬಸ್ಸು. ಸರೋಜಮ್ಮ ಅಂಗಳದಲ್ಲಿ ಭತ್ತ ಒಣಗಲು ಹಾಕುತ್ತಿದ್ದರು. ಬೆನ್ನು ಬಾಗಿತ್ತು. ಗುಲಾಬಿಯನ್ನು ಕೂಡಲೇ ಗುರುತು ಹಿಡಿದರು.

"ಬೈಕಿಗ್ ಅಡ ಇಟ್ಟ್ ಹೆಣ್ಣಲೆ ನೀನ್? ಬಾ ಹೆಣೆ, ಕೂಕೋ. ನಿನ್ನ ಗಂಡ ಎಂತ ಬತ್ತಿಲ್ಲೆ? ಒಂದ್ ವರ್ಷದ ಹತ್ರ ಆಯ್ತ್. ನನ್ನ ಮೇಲ್ ಸಿಟ್ಟಾ ಅವ್ನಿಗೆ?"

ಆಗ ಅವರ ಕಣ್ಣು ಗುಲಾಬಿಯ ಹಣೆಗೆ ಹೋಯಿತು. ಕೈಗೆ ಹೋಯಿತು. ಬಳೆ ಇರಲಿಲ್ಲ. ಸರೋಜಮ್ಮನ ಕೈಯಲ್ಲಿದ್ದ ಭತ್ತ ಕೆಳಗೆ ಸುರಿಯಿತು.

"ಏಗ್ಳ್?"

"ಆಸಾಡಿ ತಿಂಗ್ಳಲ್ಲಿ. ಇಲಿಜ್ವರ."

ಇಬ್ಬರೂ ಜಗಲಿಯಲ್ಲಿ ಕೂತರು. ಕೋಳಿಗಳು ಭತ್ತಕ್ಕೆ ಬಂದವು. ಯಾರೂ ಓಡಿಸಲಿಲ್ಲ. ಗುಲಾಬಿ ಹೇಳಿದಳು.

"ಅಮ್ಮಾ, ಅವ್ರಿಗ್ ಸಿಟ್ಟಿರ್ಲಿಲ್ಲೆ. ಬಪ್ಪುದ್ ತಪ್ಸಿದ್ದ್ ನಾನ್. ಶಬ್ದ ಕೇಂಡ್ ಸತ್ತವ ಎದ್ದ್ ಬತ್ನಾ ಅಂದೆ. ಅದ್ರ್ ಮೇಲ್ ಅವ್ರ್ ಬರ್ಲಿಲ್ಲೆ."

ಸರೋಜಮ್ಮ ಸೀರೆಗೆ ಅಂಟಿದ ಭತ್ತದ ಕಾಳು ಕೊಡವಿದರು.

"ಎದ್ದ್ ಬತ್ತಿಲ್ಲೆ" ಅಂದರು. "ನಂಗೂ ಗೊತ್ತಿತ್ ಅದ್. ನೀ ಸುಳ್ಳ್ ಹೇಳ್ಲಿಲ್ಲೆ."

ಬೈದಿದ್ದರೆ ಗುಲಾಬಿಗೆ ಸುಲಭವಾಗುತ್ತಿತ್ತು. ಅವರು ಬೈಯಲಿಲ್ಲ. ಎದ್ದು ಹೋಗಿ ಮೊಳೆಯಿಂದ ಕೀ ತಂದು ಅವಳ ಅಂಗೈಯಲ್ಲಿ ಇಟ್ಟರು. ಅಡುಗೆಮನೆಯ ಹೊಗೆ ಹಿಡಿದು ಕಪ್ಪಾಗಿತ್ತು. ಅವಳು ಕೀ ಕೇಳಿಯೇ ಇರಲಿಲ್ಲ. ಮಗನ ಜೊತೆ ಕೀಯನ್ನೂ ಕಳೆದುಕೊಂಡವರಿಗೆ ಇವಳು ಯಾತಕ್ಕೆ ಬಂದದ್ದೆಂದು ತಿಳಿದಿತ್ತು.

"ಹಗ್ಗ ವಾಪಾಸ್ ತತ್ತೆ ಅಮ್ಮಾ. ಅದ್ರದ್ದೇ ಇನ್ನೊಂದ್ ಮಾಡ್ಸ್ತೆ, ಅವ್ರ್ ಮಾಡ್ಸಿದ್ ಹಾಂಗೆ. ಇದ್ ನಿಮ್ಮ ಮೊಳೆಗೇ ಬತ್ತ್."

"ಬಪ್ಪತ್ತಿಗ್ ಬೈಕಲ್ಲೇ ಬಾ" ಅಂದರು ಸರೋಜಮ್ಮ.

ಪಾಂಡು ಹಳೇ ಕೀಯಲ್ಲಿ ಲಾಕ್ ತೆಗೆದು, ಬೈಕನ್ನು ಹೊರಗೆ ಎಳೆದು ಹೊಸ ಬ್ಯಾಟರಿ ಹಾಕಿಸಿದ. ಕೀ ತಿರುಗಿಸಿದ. ಶುರುವಾಯಿತು. ಒಳಗೆ ಓದುತ್ತಿದ್ದ ದೀಕ್ಷಾ ಪುಸ್ತಕ ಬಿಟ್ಟು ಬಾಗಿಲಿಗೆ ಓಡಿ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು. ಪಾಂಡುವನ್ನು ನೋಡಿ ಒಳಗೆ ಹೋದಳು. ಗುಲಾಬಿ ಅವಳ ಹಿಂದೆ ಹೋಗಲಿಲ್ಲ. ಹೋಗಿ ಏನು ಹೇಳುವುದು?

"ಸೋಮಾರ ಬಾರ್ಕೂರಿಗ್ ಹೋಪ" ಅಂದಳು ಪಾಂಡುವಿಗೆ.

"ಅಯ್ಯಬ್ಯೇ, ಅಲ್ಲಿಗ್ ಎಂತಕ್ಕೆ? ಪೆಟ್ರೋಲ್ ರೇಟ್ ಗೊತ್ತಿತ್ತಾ ಅತ್ಗೆ?"

ಗುಲಾಬಿಗೆ ತನ್ನದೇ ಮಾತು ತನಗೇ ಕೇಳಿಸಿದ ಹಾಗಾಯಿತು. "ಪೆಟ್ರೋಲ್ ನಾ ಹಾಕ್ಸ್ತೆ" ಅಂದಳು. "ತಿಂಗ್ಳಿಗ್ ಒಂದ್ ಸಲ. ಒಪ್ಪಿದ್ರೆ ಬೈಕ್ ನಿಂದ್. ಇಲ್ದಿದ್ರೆ ಇಲ್ಲೆ."

ಪಾಂಡು ಅವಳ ಮುಖ ನೋಡಿದ. ಮತ್ತೆ ತಮಾಷೆ ಮಾಡಲಿಲ್ಲ. "ಆಯ್ತ್" ಅಂದ.

ಸೋಮವಾರ ಹೊರಟರು. ಗುಲಾಬಿ ಹಿಂದೆ ಕೂತಳು. ಬ್ರಹ್ಮಾವರದಲ್ಲಿ ಪಾಂಡುವಿಗೆ ಹೊಸ ಕೀ ಮಾಡಿಸಿದರು. ಹಳೇ ಕೀ ಅವಳ ಮುಷ್ಟಿಯಲ್ಲಿತ್ತು. ಬಾರ್ಕೂರಿನಲ್ಲಿ ಗದ್ದೆಯ ದಾರಿಗೆ ತಿರುಗುವಾಗಲೇ ದೂರದಲ್ಲಿ ಸರೋಜಮ್ಮ ಮನೆಯೊಳಗಿಂದ ಬರುವುದು ಕಂಡಿತು. ಬಾಗಿದ ಬೆನ್ನಿನ ಹೆಂಗಸು ಓಡಿ ಬರುತ್ತಿದ್ದರು. ಕೈಯಲ್ಲಿ ಸೌಟು. ಬೇಲಿಯ ತಡಮೆಯ ಹತ್ತಿರ ಬಂದು ಪಾಂಡುವನ್ನು ಕಂಡು ನಿಂತರು. ಮೂರು ದಿನದ ಹಿಂದೆ ದೀಕ್ಷಾ ನಿಂತ ಹಾಗೆಯೇ.

ಪಾಂಡು ಉದ್ದ ಆಳು. ಬೈಕು ನಿಲ್ಲಿಸಿ ಎರಡೂ ಕಾಲು ಊರಿದ. ಸರೋಜಮ್ಮ ಆ ಕಾಲುಗಳನ್ನು ನೋಡಿದರು.

"ಇವ್ನ ಕಾಲ್ ನೆಲ್ಕ್ ತಾಗ್ತ್" ಅಂದರು. "ಶೈಲೇಶಂದೂ ತಾಗ್ತಿತ್ತ್. ಸೋಮಂದೊಂದ್ ತಾಗ್ತಿರ್ಲಿಲ್ಲೆ."

ಗುಲಾಬಿಗೆ ಅಷ್ಟು ತಿಂಗಳು ಬಾರದ ಅಳು ಆಗ ಬಂತು.

ಅವಳು ಒಳಗೆ ಹೋಗಿ ಹಳೇ ಕೀಯನ್ನು ಮೊಳೆಗೆ ಹಾಕಿ ಬಂದಳು. ಪಾಂಡು ಹೊಸ ಕೀಯಿಂದ ಬೈಕು ಶುರು ಮಾಡಿ ಅಂಗಳದ ನಡುವೆ ನಿಲ್ಲಿಸಿದ. ಇಬ್ಬರೂ ಹೆಂಗಸರು ಹಟ್ಟಿಯ ಮೆಟ್ಟಿಲ ಮೇಲೆ ಕೂತರು. ಬೈಕು ಓಡದೆ ನಿಂತಲ್ಲೇ ಶಬ್ದ ಮಾಡುತ್ತಿತ್ತು. ಪಾಂಡು ಏನು ಮಾಡಬೇಕೆಂದು ತಿಳಿಯದೆ ತೆಂಗಿನ ಮರ ನೋಡುತ್ತ ನಿಂತ. ಒಲೆಯ ಮೇಲೆ ಏನೋ ಸೀದು ಹೋಗುವ ವಾಸನೆ ಬಂತು.

"ಸಾಕ್ ಮಗಾ, ನಿಲ್ಸ್. ಪೆಟ್ರೋಲ್ ಹೋತ್ತ್" ಅಂದರು ಸರೋಜಮ್ಮ.

ಪಾಂಡು ಕೀಗೆ ಕೈ ಹಾಕಿದ.

"ಇರ್ಲಿ" ಅಂದಳು ಗುಲಾಬಿ. "ಇನ್ನೊಂಚೂರ್ ಇರ್ಲಿ."