ಮಾಲಗದ ಮಾವಿನ ತೋಪು

ರೈಲು ಮಾಲೂರು ದಾಟುವ ಹೊತ್ತಿಗೆ ನನಗೂ ಪ್ರವಾಸ ಕಂಪನಿಯ ಹುಡುಗನಿಗೂ ಫೋನಿನ ಸ್ಪೀಕರಿನಲ್ಲೇ ಜಗಳ ಹತ್ತಿತ್ತು. ಮುಂದಿನ ತಿಂಗಳು ಶ್ರೀನಿವಾಸಪುರದ ನಮ್ಮ ಚಿಕ್ಕಪ್ಪ ಹತ್ತಲಿರುವ ಹಡಗು ದಕ್ಷಿಣ ಸ್ಪೇನಿನ ಮಾಲಗದಲ್ಲಿ ಒಂದು ಹಗಲು ನಿಲ್ಲುತ್ತದೆ. ಆ ಹಗಲಿಗೆ ಇವನು ಗೊತ್ತುಮಾಡಿರುವುದು ಒಂದು ಅರಮನೆ, ಒಂದು ಅಂಗಡಿ ಬೀದಿ, ನಡುವೆ ಇಂಡಿಯನ್ ಊಟ. ಸ್ಪೇನಿಗೆ ಹೋಗಿ ಅನ್ನ ಸಾರು ಹುಡುಕಿಕೊಂಡು ಅರ್ಧ ಹಗಲು ಬಸ್ಸಿನಲ್ಲಿ ಕೂರಬೇಕಂತೆ.

ಪಕ್ಕದಲ್ಲೇ ಕೂತಿದ್ದ ಚಿಕ್ಕಪ್ಪನಿಗೆ ಬೇಕಿರುವುದು ಮಾವಿನ ತೋಪು. ಅಲ್ಲಿಯೂ ಮಾವು ಬೆಳೆಯುತ್ತಾರೆ, ಅದೂ ಗಿಡ್ಡ ಮರಗಳಲ್ಲಿ. ನೆಲದ ಮೇಲೆ ನಿಂತೇ ಕಾಯಿ ಕೀಳುವವರ ಫೋಟೊ ನೋಡಿದಾಗಿನಿಂದ, ಊರಿನ ತಮ್ಮ ತೋಪಿನಲ್ಲಿ ಮರ ಹತ್ತುವವರು ಸಿಗದೆ ಪ್ರತಿವರ್ಷ ಒದ್ದಾಡುವ ಅವರಿಗೆ ನಿದ್ದೆಯಿಲ್ಲ. ಮರ ಎತ್ತರವಾಗದಂತೆ ಕೊಂಬೆ ಹೇಗೆ ಸವರುತ್ತಾರೆಂದು ಕಣ್ಣಾರೆ ನೋಡಬೇಕು.

"ಸ್ಪೇನ್‌ಗೆ ಹೋಗಿ ಯಾರ್ ಸಾರ್ ಮಾವಿನ ತೋಪು ನೋಡ್ತಾರೆ?" ಎಂದ ಹುಡುಗ.

"ದುಡ್ಡು ಕೊಟ್ಟೋರು ನೋಡ್ತಾರೆ. ಅವರ ಹಗಲು ಹೆಂಗೆ ಕಳೀಬೇಕು ಅಂತ ಹೇಳೋಕೆ ನೀವ್ಯಾರು?" ಎಂದೆ.

"ಗುಂಪು ಬಿಟ್ಟೋದ್ರೆ ನಮ್ ಜವಾಬ್ದಾರಿ ಇಲ್ಲ ಸಾರ್. ತಡವಾದ್ರೆ ಹಡಗು ಬಿಟ್ಟೋಗುತ್ತೆ."

ಹೆದರಿಸುವುದನ್ನೇ ವಾದ ಎಂದುಕೊಂಡವನಿಗೆ ನಾನು ಉತ್ತರ ಕೊಡುವಷ್ಟರಲ್ಲಿ ಚಿಕ್ಕಪ್ಪ ಫೋನು ಕಿತ್ತುಕೊಂಡರು.

"ಹಡಗು ಹೋದ್ರೆ ಹೋಗ್ಲಿ ಬಿಡು ನಾಯ್ನಾ. ಮಾವಿನ ತೋಪಲ್ಲಿ ಮಲಗೋದು ನಂಗೇನ್ ಹೊಸದಾ?"