ಬಾಯಿಗೆ ಕಿವಿ ಕಟ್ಟುವ ತಂತಿ

ನಮ್ಮ ಮನೆಯ ಕಪಾಟಿನ ಮೇಲಿನ ಅಂತಸ್ತಿನಲ್ಲಿ ಇಟ್ಟಿಗೆಯಷ್ಟು ತೂಕದ ಒಂದು ಕಪ್ಪು ಪೆಟ್ಟಿಗೆ ಇದೆ. ಅದು ಕೆಲಸ ನಿಲ್ಲಿಸಿ ವರ್ಷಗಳಾದವು. ಗುಜರಿಯವನು ಬಂದಾಗಲೆಲ್ಲ ನನ್ನ ಹೆಂಡತಿ ಅದರ ಕಡೆ ನೋಡುತ್ತಾಳೆ, ನಾನು ಕಿಟಕಿಯ ಕಡೆ ನೋಡುತ್ತೇನೆ. ಅದನ್ನು ಇಟ್ಟುಕೊಂಡದ್ದಕ್ಕೆ ಕಾರಣ ಪ್ರೀತಿ ಎಂದು ಹೇಳಿಕೊಳ್ಳಬಹುದಿತ್ತು. ನಿಜವಾದ ಕಾರಣ ನಾಚಿಕೆ. ನನ್ನ ಸೋಮಾರಿತನಕ್ಕೆ ಅದೊಂದು ಸಾಕ್ಷಿ, ಸಾಕ್ಷಿಯನ್ನು ಗುಜರಿಗೆ ಹಾಕಲು ಮನಸ್ಸು ಬಂದಿಲ್ಲ.

ನಾನು ಕುಮಟೆಯಲ್ಲಿ ಖಾಸಗಿಯಾಗಿ ಜಮೀನು ಮೋಜಣಿ ಮಾಡಿಕೊಂಡಿದ್ದವನು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಮೂರು ಕಾಲಿನ ಮೇಲೆ ಕೂತು ದೂರ ಮತ್ತು ಕೋನ ಅಳೆಯುವ ಯಂತ್ರವೊಂದಿತ್ತು. ಅದರ ಅಳತೆಗಳನ್ನು ನೆನಪಿಟ್ಟುಕೊಳ್ಳುವುದು ಈ ಪೆಟ್ಟಿಗೆಯ ಕೆಲಸ. ಸಂಜೆ ಆಫೀಸಿಗೆ ಬಂದು ಕಂಪ್ಯೂಟರಿಗೆ ತಂತಿ ಸಿಕ್ಕಿಸಿದರೆ ಇಡೀ ದಿನದ ಲೆಕ್ಕ ಅಲ್ಲಿಗೆ ಇಳಿಯುತ್ತಿತ್ತು. ನಾನು ಅದನ್ನು ನೋಡುತ್ತ ಚಹಾ ಕುಡಿಯುತ್ತಿದ್ದೆ. ವಿಜ್ಞಾನ ಇಷ್ಟು ಮುಂದುವರಿದದ್ದು ನನ್ನ ಚಹಾಕ್ಕಾಗಿಯೇ ಎಂದು ಆಗ ಅನಿಸುತ್ತಿತ್ತು.

ನನ್ನ ಜೊತೆಗಿದ್ದ ಗಣಪಣ್ಣನಿಗೆ ಮಾತ್ರ ಪೆಟ್ಟಿಗೆಯ ಮೇಲೆ ನಂಬಿಕೆ ಇರಲಿಲ್ಲ. ಅವನು ಸರಪಳಿ ಎಳೆದೇ ತಲೆ ನರೆಸಿಕೊಂಡವನು. ಮೋಜಣಿಯ ಸರಪಳಿ ಮೂವತ್ತಮೂರು ಅಡಿ ಉದ್ದ, ಅದನ್ನು ಹದಿನಾರು ಆಣೆಗಳಾಗಿ ಭಾಗ ಮಾಡಿರುತ್ತಾರೆ. ರೂಪಾಯಿಯ ಆಣೆ ಹೋಗಿ ಎಷ್ಟೋ ಕಾಲವಾದರೂ ಭೂಮಿಯ ಆಣೆ ಉಳಿದುಕೊಂಡಿತ್ತು. ಸರಪಳಿಯ ತುದಿಯಲ್ಲಿ ನಿಂತವನು “ಐದು ಸರಪಳಿ ಒಂಬತ್ತಾಣೆ” ಎಂದು ಕೂಗಬೇಕು. ಪುಸ್ತಕ ಹಿಡಿದವನು ಅದನ್ನೇ ಮರಳಿ ಕೂಗಬೇಕು. ಆಚೆಯಿಂದ “ಆತು” ಎಂದು ಬಂದ ಮೇಲೆಯೇ ಪೆನ್ಸಿಲ್ ಕಾಗದಕ್ಕೆ ತಾಗಬೇಕು. ಗಾಳಿಯಲ್ಲಿ ಏಳು ಎಂದದ್ದು ಏಳೂವರೆ ಎಂದು ಕೇಳಿಸಿ ಬೇಲಿಗಳು ಊರು ಬಿಟ್ಟು ಊರಿಗೆ ಹೋದ ಕಥೆಗಳು ಅವನ ಬಳಿ ಬೇಕಾದಷ್ಟಿದ್ದವು.

“ನಿಮ್ಮ ಪೆಟ್ಗೆ ತಿರುಗಿ ಹೇಳೂದೇ ಇಲ್ವಲ್ರಾ. ಅದಕ್ಕೆ ಕೇಳ್ತೋ ಇಲ್ವೋ ಹೆಂಗೆ ಗೊತ್ತಾಗೂದು?” ಎಂದು ಅವನು ಕೇಳಿದ್ದ. ನಾನು ನಕ್ಕಿದ್ದೆ. ಹಾಗೆ ನಗುವಷ್ಟು ತಿಳಿವಳಿಕೆ ಆಗ ನನಗಿತ್ತು.

ಆ ವರ್ಷ ವೈಶಾಖದಲ್ಲಿ ಕಾಗಾಲದ ದೇವಿಯಕ್ಕನ ಗಜನಿಯನ್ನು ಅಳೆದಿದ್ದೆವು. ಗಜನಿ ಎಂದರೆ ಅಘನಾಶಿನಿಯ ಉಪ್ಪುನೀರಿಗೆ ಒಡ್ಡು ಕಟ್ಟಿ ಭತ್ತ ಬೆಳೆಯುವ ಗದ್ದೆ. ಒಬ್ಬರ ಪಾಲಿಗೂ ಇನ್ನೊಬ್ಬರ ಪಾಲಿಗೂ ನಡುವೆ ಒಂದು ಮಣ್ಣಿನ ಅಂಚು ಬಿಟ್ಟರೆ ಬೇರೇನೂ ಇರುವುದಿಲ್ಲ. ದೇವಿಯಕ್ಕನ ಗಂಡ ಹಿಂದಿನ ವರ್ಷ ತೀರಿಕೊಂಡಿದ್ದ. ಪಕ್ಕದ ಪಾಲು ಅವಳ ಮೈದುನ ಹೊನ್ನಪ್ಪನದು, ಅವನು ಹೊನ್ನಾವರದಲ್ಲಿ ವ್ಯಾಪಾರದಲ್ಲಿದ್ದ. ದೇವಿಯಕ್ಕ ಮುಂದೆ ನಡೆಯುತ್ತ ಒಂದೊಂದು ಮೂಲೆ ತೋರಿಸಿದಳು, ಗಣಪಣ್ಣ ಅಲ್ಲಿ ಕೋಲು ಹಿಡಿದ, ನಾನು ಗುಂಡಿ ಒತ್ತಿದೆ. ಎಲ್ಲ ಪೆಟ್ಟಿಗೆಯೊಳಗೆ ಸೇರಿತು. ಇಳಿಸಿಕೊಳ್ಳುವುದನ್ನು ನಾಳೆ ಎಂದೆ. ನನ್ನ ನಾಳೆಗಳು ಸಾಮಾನ್ಯವಾಗಿ ಎರಡು ತಿಂಗಳ ಉದ್ದ ಇರುತ್ತವೆ.

ಅಷ್ಟರಲ್ಲಿ ಉಪ್ಪುಗಾಳಿ ತಿಂದು ನನ್ನ ಹಳೆಯ ಕಂಪ್ಯೂಟರ್ ಸತ್ತಿತು. ಅದರ ತಂತಿಯ ಮೊಳೆಗಳಿಗೂ ಹಸಿರು ಕಿಲುಬು ಹತ್ತಿತ್ತು. ಆಷಾಢದಲ್ಲಿ ಕಾಗಾಲದ ಒಡ್ಡು ಒಡೆದು, ದಿನಕ್ಕೆರಡು ಸಲ ಭರತದ ನೀರು ನುಗ್ಗಿ, ಒಳಗಿನ ಅಂಚುಗಳೆಲ್ಲ ಕರಗಿದವು. ಒಡ್ಡು ಕಟ್ಟಿ ನೀರು ಇಳಿಸಿದಾಗ ಉಳಿದದ್ದು ಬರೀ ರಾಡಿಯ ಬಯಲು. ಹೊನ್ನಪ್ಪ ಬಂದು, ಅಂಚು ಇದ್ದದ್ದು ಹತ್ತು ಹೆಜ್ಜೆ ಈಚೆಗೆ ಎಂದ. ದೇವಿಯಕ್ಕನ ಸಣ್ಣ ಪಾಲಿನಲ್ಲಿ ಹತ್ತು ಹೆಜ್ಜೆ ಹೋದರೆ ಅವಳ ವರ್ಷದ ಅಕ್ಕಿಯಲ್ಲಿ ಮೂರು ತಿಂಗಳದ್ದು ಹೋದಂತೆ.

ಅವಳು ಆಫೀಸಿನ ಬಾಗಿಲಲ್ಲಿ ಕೊಡೆ ಮಡಚಿ ಕೂತು ಹೇಳಿದಳು: “ನಮ್ದು ಎಲ್ಲಾ ನಿಮ್ಮ ಪೆಟ್ಗೆಯೊಳ್ಗೆ ಅದೆ ಅಂದಿದ್ಯಲ್ಲ ತಮಾ. ಅದ್ನ ಹೊರಗೆ ತೆಗ್ದು ಕೊಡು. ನಾ ಮತ್ತೆಂತ ಕೇಳೂದಿಲ್ಲ.”

ಕೊಡೋಣ ಎಂದರೆ ನಾನು ಕೊಂಡ ಹೊಸ ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಒಂಬತ್ತು ಮೊಳೆಯ ತಂತಿಗೆ ತೂತೇ ಇಲ್ಲ. ಕುಮಟೆಯಲ್ಲಿ ಹೊಸ ತಂತಿ ಸಿಕ್ಕಿತು, ಅದನ್ನು ಲ್ಯಾಪ್‌ಟಾಪಿಗೆ ಹೊಂದಿಸುವ ತುಂಡೂ ಸಿಕ್ಕಿತು. ಸಿಕ್ಕಿಸಿದೆ. ಎರಡೂ ಮೌನವಾಗಿ ಕೂತವು, ಜಗಳವಾಡಿದ ಬೀಗರ ಹಾಗೆ. ಪೆಟ್ಟಿಗೆಯ ಪರದೆಯಲ್ಲಿ ಅರ್ಧ ಸಾಲುಗಳು ಅಳಿಸಿಹೋಗಿದ್ದರಿಂದ ನೋಡಿ ಬರೆದುಕೊಳ್ಳುವ ಹಾಗೂ ಇರಲಿಲ್ಲ. ಅದರ ನೆನಪು ನಿಂತದ್ದು ಒಳಗಿನ ಒಂದು ಪುಟ್ಟ ಬ್ಯಾಟರಿಯ ಮೇಲೆ. ಪರದೆಯ ಮೂಲೆಯಲ್ಲಿ ಆ ಬ್ಯಾಟರಿಯ ಚಿತ್ರ ಮಿಣುಕತೊಡಗಿತ್ತು. ನನಗೆ ಹೆದರಿಕೆಯಾಯಿತು. ಮರುದಿನ ಬೆಳಿಗ್ಗೆಯೇ ಪೆಟ್ಟಿಗೆ, ತಂತಿ, ಲ್ಯಾಪ್‌ಟಾಪು ಮೂರನ್ನೂ ಚೀಲಕ್ಕೆ ಹಾಕಿ, ರಿಪೇರಿಯವರನ್ನು ಹುಡುಕಿ ಭಟ್ಕಳದ ಬಸ್ಸು ಹಿಡಿದೆ. ಇಡಗುಂಜಿಗೆ ತಿರುಗುವಲ್ಲಿ ಬಸ್ಸಿನೊಳಗಿಂದಲೇ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡೆ. ಹೊಸ ತಂತಿಯ ಮೇಲೆ ನನಗಿದ್ದ ವಿಶ್ವಾಸ ಅಷ್ಟೇ.

ಗಲ್ಫಿನ ಸಾಮಾನು ಮಾರುವ ಓಣಿಯಲ್ಲಿ ಇಲಿಯಾಸ್ ಸಾಹೇಬರ ರಿಪೇರಿ ಅಂಗಡಿ. ಅವರು ತಂತಿಯನ್ನು ಮೀಟರಿಗೆ ಹಿಡಿದು ನೋಡಿ ಮೆಲ್ಲಗೆ ನಕ್ಕರು.

“ಸರ್, ಇದು ಬಾಯಿಗೆ ಬಾಯಿ ಕಟ್ಟಿದ ತಂತಿ. ಇಬ್ಬರೂ ಮಾತಾಡ್ತಾರೆ, ಒಬ್ಬರಿಗೂ ಕೇಳೂದಿಲ್ಲ. ಇವನ ಬಾಯಿ ಅವನ ಕಿವಿಗೆ ಹೋಗ್ಬೇಕು, ಅವನ ಬಾಯಿ ಇವನ ಕಿವಿಗೆ ಬರ್ಬೇಕು.”

ಒಳಗಿನ ಎರಡು ಎಳೆಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದರು. ಈಗ ಅಕ್ಷರಗಳು ಬಂದವು, ಆದರೆ ಒಂದಕ್ಕೂ ಅರ್ಥವಿಲ್ಲ. ಸಾಹೇಬರು ಗಾಬರಿಯಾಗಲಿಲ್ಲ. “ಹಳೇದು ನಿಧಾನ ಮಾತಾಡ್ತದೆ, ನಿಮ್ಮ ಹೊಸದಕ್ಕೆ ಅವಸರ. ಹೊಸದನ್ನೇ ನಿಧಾನ ಮಾಡಿ. ಹಳೇದಕ್ಕೆ ಓಡ್ಲಿಕ್ಕೆ ಬರೂದಿಲ್ಲ” ಎಂದರು. ಲ್ಯಾಪ್‌ಟಾಪಿನ ವೇಗ ಇಳಿಸಿದೆವು. ಆಮೇಲೆ ದೇವಿಯಕ್ಕನ ಗಜನಿ ಒಂದೊಂದೇ ಸಾಲಾಗಿ, ಮೂಲೆ ಮೂಲೆಯಾಗಿ ಇಳಿದು ಬಂತು. ನನ್ನ ಕಣ್ಣು ತುಂಬಿತು. ಸಾಹೇಬರು ಅದನ್ನು ನೋಡಿಯೂ ನೋಡದವರಂತೆ ಚಹಾ ತರಿಸಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ನಕ್ಷೆ ತೆಗೆದುಕೊಂಡು ಕಾಗಾಲಕ್ಕೆ ಹೋಗಿ ಒಡ್ಡಿನ ಮೇಲೆ ಹರಡಿದರೆ ಹೊನ್ನಪ್ಪ ಅದರ ಕಡೆ ಕಣ್ಣೂ ಹಾಕಲಿಲ್ಲ. “ಮಶೀನು ಎಂತ ಬೇಕಾರೂ ಹೇಳ್ತದೆ. ಗುಂಡಿ ಒತ್ತಿದವ್ರು ನೀವು, ಮೂಲೆ ತೋರ್ಸಿದವ್ಳು ಇವ್ಳು” ಎಂದ. ಅವನ ಮಾತಿನಲ್ಲಿ ಹುರುಳಿತ್ತು. ದೇವಿಯಕ್ಕ ತನ್ನದು ಶುರುಮಾಡಿದಳು, ಅವನು ತನ್ನದು. ಇಬ್ಬರ ದನಿಯೂ ಏರುತ್ತ ಹೋಯಿತು. ಬಾಯಿಗೆ ಬಾಯಿ ಕಟ್ಟಿದ ತಂತಿ ನನ್ನ ಕಣ್ಣೆದುರೇ ಇತ್ತು, ಬೆಸುಗೆ ಹಾಕುವ ವಿದ್ಯೆ ನನಗಿರಲಿಲ್ಲ.

ಆಗ ಗಣಪಣ್ಣ ತನ್ನ ಕೋಲನ್ನು ಇಬ್ಬರ ನಡುವೆ ಅಡ್ಡ ಹಿಡಿದ. “ಅಳತೆ ಕೆಲಸಕ್ಕೆ ಒಂದು ರಿವಾಜು ಅದೆ. ಒಬ್ರು ಹೇಳ್ದದ್ದ ಇನ್ನೊಬ್ರು ತಿರುಗಿ ಹೇಳ್ಬೇಕು. ಆತು ಅಂದ್ಮೇಲೆ ಮುಂದಿಂದು. ದೇವಿಯಕ್ಕ, ನೀನು ಮೊದ್ಲು.”

ದೇವಿಯಕ್ಕ ಬಯಲಿನ ಕಡೆ ಕೈ ತೋರಿಸಿ ಹೇಳಿದಳು: “ಆ ಮೂಲೆಯಾಗೆ ನಮ್ಮನೆಯವ್ರು ಗೂಟ ಹೊಡ್ದಿದ್ರು. ಸುತ್ತಿಗೆ ತಪ್ಪಿ ಹೆಬ್ಬೆರಳು ಜಜ್ಜಿ ನೆತ್ರ ಬಂದಿತ್ತು.”

ಹೊನ್ನಪ್ಪ ಬೇಸರದಿಂದಲೇ ತಿರುಗಿ ಹೇಳತೊಡಗಿದ. “ಆ ಮೂಲೆಯಾಗೆ ಅಣ್ಣ ಗೂಟ ಹೊಡ್ದಿದ್ದ. ಸುತ್ತಿಗೆ ತಪ್ಪಿ…” ಅಷ್ಟಕ್ಕೆ ನಿಂತ. “ಸುತ್ತಿಗೆ ತಪ್ಪಿದ್ದು ನಾ ಗೂಟ ಅಲ್ಲಾಡಿಸಿದ್ದಕ್ಕೆ. ಹಿಡ್ಕಂಡವ ನಾನೇ ಆಗಿದ್ದೆ” ಎಂದ.

“ಆತು” ಎಂದಳು ದೇವಿಯಕ್ಕ.

ಗಣಪಣ್ಣ ನಕ್ಷೆ ನೋಡಿ ಸರಪಳಿ ಎಳೆದ, ನಾನು ಅಳತೆ ಮರಳಿ ಕೂಗಿದೆ, ಹೊಸ ಗೂಟವನ್ನು ಹೊನ್ನಪ್ಪನೇ ಹಿಡಿದುಕೊಂಡ. ಈ ಸಲ ಅಲ್ಲಾಡಿಸಲಿಲ್ಲ.

ಇದನ್ನೆಲ್ಲ ಮೊನ್ನೆ ಹೆಂಡತಿಗೆ ಸವಿಸ್ತಾರವಾಗಿ ಹೇಳಿ, ಕೇಳುವುದೇ ದೊಡ್ಡ ವಿದ್ಯೆ, ಹಾಗಾಗಿ ಪೆಟ್ಟಿಗೆ ಅಲ್ಲೇ ಇರಲಿ ಎಂದೆ. ಅವಳು ಆತು ಎಂದಳು. ಆಮೇಲೆ ಬಟ್ಟೆ ಮಡಚುತ್ತ ಏನೋ ಹೇಳುತ್ತಿದ್ದಳು, ನಾನು ಈ ಪ್ರಬಂಧದ ಕೊನೆಯ ಸಾಲನ್ನು ಯೋಚಿಸುತ್ತ ಹೂಂ ಎನ್ನುತ್ತಿದ್ದೆ. ಮಡಚುವುದು ನಿಂತಿತು.

“ಈಗ ನಾ ಹೇಳಿದ್ದು ಎಂತ? ತಿರುಗಿ ಹೇಳಿ ನೋಡ್ವ” ಎಂದಳು.

ನಾನು ಕಿಟಕಿಯ ಕಡೆ ನೋಡಿದೆ.